ಇಳಿವಯಸ್ಸಿನಲ್ಲಿ ಆರೋಗ್ಯದ ಸುದ್ದಿಯನ್ನು ಓದುವ ಬಗೆ: ಮಿಷನ್ ಆಸ್ಪತ್ರೆಯ ಹಳೆಯ ಕಾರ್ಯಕರ್ತರೊಬ್ಬರ ಟಿಪ್ಪಣಿ

ನಮ್ಮ ಓಣಿಯಲ್ಲಿ ನನಗಿಂತ ಎರಡು ವರ್ಷ ಹಿರಿಯರಾದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಆರು ವರ್ಷಗಳಾಗಿವೆ. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಿದ್ದಾಗ, ದಿನವೂ ತೆಗೆದುಕೊಳ್ಳುತ್ತಿದ್ದ ಆಸ್ಪಿರಿನ್ ಗುಳಿಗೆಯನ್ನು ಹನ್ನೊಂದು ದಿನಗಳ ಹಿಂದೆಯೇ ಬಿಟ್ಟುಬಿಟ್ಟಿರುವುದಾಗಿ ಅವರು ಹೇಳಿದರು. ಎಪ್ಪತ್ತು ದಾಟಿದವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲ, ರಕ್ತಸ್ರಾವದ ಅಪಾಯವೇ ಹೆಚ್ಚು ಎಂಬ ಸುದ್ದಿಯನ್ನು ಮೊಮ್ಮಗ ಫೋನಿನಲ್ಲಿ ಓದಿ ಹೇಳಿದ್ದನಂತೆ. ಆ ಸುದ್ದಿ ಸುಳ್ಳಲ್ಲ. ಆಸ್ಟ್ರೇಲಿಯ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಆಸ್ಪ್ರೀ’ ಅಧ್ಯಯನವು ಹಾಗೆಯೇ ಹೇಳಿದೆ. ಆದರೆ ಹೃದ್ರೋಗವಾಗಲಿ ಪಾರ್ಶ್ವವಾಯುವಾಗಲಿ ಮೊದಲೇ ಬಂದಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಸ್ಟೆಂಟ್ ಇರುವ ನನ್ನ ಗೆಳೆಯರು ಆ ಲೆಕ್ಕದ ಹೊರಗಿನವರು. ಅಂದು ರಾತ್ರಿಯೇ ಅವರಿಂದ ವೈದ್ಯರಿಗೆ ಫೋನ್ ಮಾಡಿಸಿದೆ. ಗುಳಿಗೆ ಮರುದಿನ ಬೆಳಿಗ್ಗೆಯಿಂದ ಮತ್ತೆ ಶುರುವಾಯಿತು.

ಈ ಬರಹವನ್ನು ಬರೆಯಲು ಆ ಸಂಜೆಯೇ ಕಾರಣ. ನನಗೀಗ 74 ವರ್ಷ. 1974ರಿಂದ 2009ರವರೆಗೆ ಒಂದು ಮಿಷನ್ ಆಸ್ಪತ್ರೆಯಲ್ಲಿ ಕುಷ್ಠರೋಗದ ಕ್ಷೇತ್ರ ಕಾರ್ಯಕರ್ತನಾಗಿ ದುಡಿದೆ. ಕರ್ನಾಟಕದಲ್ಲಿ ಮಿಷನ್ ಆಸ್ಪತ್ರೆ ಎಂದೊಡನೆ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯವೋ, ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಅವರು 1923ರಲ್ಲಿ ಉಡುಪಿಯಲ್ಲಿ ತೆರೆದ ಆಸ್ಪತ್ರೆಯೋ ಜನರಿಗೆ ನೆನಪಾಗುತ್ತದೆ. ನಾನಿದ್ದದ್ದು ಬಯಲುಸೀಮೆಯ, ಅಷ್ಟೇನೂ ಹೆಸರಾಗದ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಸೈಕಲ್ಲಿನ ಮೇಲೆ ಊರೂರು ತಿರುಗಿ, ಶಾಲೆಯ ಮಕ್ಕಳ ಮತ್ತು ಹೊಲದಲ್ಲಿ ದುಡಿಯುವವರ ಮೈಮೇಲಿನ ಮಚ್ಚೆಗಳಲ್ಲಿ ಸ್ಪರ್ಶದ ಅರಿವು ಇದೆಯೋ ಇಲ್ಲವೋ ಎಂದು ಹತ್ತಿಯ ಎಳೆಯಿಂದ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ನಾನು ವೈದ್ಯನಲ್ಲ. ಯಾವ ಮದ್ದು ಯಾರಿಗೆ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆರೋಗ್ಯದ ಒಂದು ಸುದ್ದಿ ಕೈಗೆ ಬಂದಾಗ ಅದನ್ನು ಹೇಗೆ ಹಿಡಿಯಬೇಕು ಎಂಬುದನ್ನು ಆ 35 ವರ್ಷಗಳು ನನಗೆ ಕಲಿಸಿವೆ, ಮತ್ತು ನನ್ನ ವಯಸ್ಸಿನವರಿಗೆ ಅದು ಇಂದು ಬೇಕಾಗಿದೆ.

ಸುದ್ದಿ ತಯಾರಾಗುವ ಬಗೆಯನ್ನು ಮೊದಲು ತಿಳಿಯಿರಿ

ನಮ್ಮ ಆಸ್ಪತ್ರೆಗೆ ಹಣ ಬರುತ್ತಿದ್ದದ್ದು ಪರದೇಶದ ಕ್ರೈಸ್ತ ಸಭೆಗಳಿಂದ. ಅವರಿಗೆ ವರ್ಷಕ್ಕೆರಡು ಸಲ ವರದಿಪತ್ರ ಹೋಗುತ್ತಿತ್ತು. ಕನ್ನಡದಲ್ಲಿ ಅದರ ಕರಡು ಬರೆಯುತ್ತಿದ್ದವನು ನಾನು. ಒಂದು ಸಲ, ಬೆರಳುಗಳು ಮಡಚಿಕೊಂಡಿದ್ದ ಒಬ್ಬ ಹೆಣ್ಣುಮಗಳ ಕಥೆಯನ್ನು ಬರೆದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶಸ್ತ್ರವೈದ್ಯರಾಗಿದ್ದ ಡಾ. ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಲ್ಲಿ ರೂಪಿಸಿದ, ಸ್ನಾಯುರಜ್ಜುವನ್ನು ಬೇರೆ ಕಡೆಗೆ ಜೋಡಿಸುವ ಶಸ್ತ್ರಚಿಕಿತ್ಸೆ ಅಷ್ಟರಲ್ಲಿ ಎಲ್ಲೆಡೆ ಹಬ್ಬಿತ್ತು. ಅದನ್ನು ಮಾಡಿಸಿಕೊಂಡು ಬಂದ ಆಕೆ ಮತ್ತೆ ರೊಟ್ಟಿ ಬಡಿಯತೊಡಗಿದ್ದಳು. ನಾನು ಬರೆದ ಪ್ರತಿಯೊಂದು ಮಾತೂ ನಿಜವಾಗಿತ್ತು. ಆದರೆ ಅದೇ ಊರಿನ ಇನ್ನೂ ಏಳು ಜನ ಔಷಧವನ್ನು ಅರ್ಧಕ್ಕೆ ಬಿಟ್ಟಿದ್ದರು, ಅವರಲ್ಲಿ ಇಬ್ಬರು ಕೂಲಿಗೆಂದು ಗೋವೆಗೆ ಹೋದವರು ಎಲ್ಲಿದ್ದಾರೆಂದೇ ನಮಗೆ ತಿಳಿದಿರಲಿಲ್ಲ. ಆ ಏಳು ಜನರನ್ನು ನಾನು ಬರೆಯಲಿಲ್ಲ. ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಕೇಳುವವರಿಗೆ ಧೈರ್ಯ ಬರಲಿ, ಕೆಲಸ ಮುಂದುವರಿಯಲಿ ಎಂಬ ಆಸೆಯೊಂದೇ ನನ್ನ ಕೈಯನ್ನು ತಡೆಯಿತು. ಆ ಪತ್ರವನ್ನು ಓದಿದ ದೂರದ ಒಬ್ಬ ಅಜ್ಜಿ, ನಮ್ಮ ಊರುಗಳಲ್ಲಿ ಎಲ್ಲರ ಕೈಗಳೂ ನೆಟ್ಟಗಾಗುತ್ತಿವೆ ಎಂದುಕೊಂಡಿರಬಹುದು. ಅದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಆದ್ದರಿಂದ ಯಾವುದೇ ಆರೋಗ್ಯ ಸುದ್ದಿಯನ್ನು ಓದುವಾಗ, ಬರೆದವರು ಸುಳ್ಳು ಹೇಳುತ್ತಿದ್ದಾರೆಯೇ ಎಂಬ ಪ್ರಶ್ನೆಯಲ್ಲೇ ನಿಲ್ಲಬೇಡಿ. ಹೆಚ್ಚಿನ ಸಲ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಈ ಸುದ್ದಿಯಲ್ಲಿ ಕಾಣದ ಏಳು ಜನ ಯಾರು ಎಂದು ಕೇಳಿಕೊಳ್ಳಿ.

ಎಣಿಸಿದ್ದು ಯಾರನ್ನು?

ತಲೆಬರಹವನ್ನು ಓದಿದ ಮೇಲೆ ಪೆನ್ನು ಹಿಡಿದು ಮೂರು ಸಂಗತಿಗಳನ್ನು ಹುಡುಕಿ: ಅಧ್ಯಯನದಲ್ಲಿದ್ದವರ ವಯಸ್ಸು, ಅವರಿಗೆ ಮೊದಲೇ ಇದ್ದ ಕಾಯಿಲೆಗಳು, ಮತ್ತು ಯಾರನ್ನು ಹೊರಗಿಟ್ಟಿದ್ದರು ಎಂಬುದು. ಮೂರನೆಯದು ಸುದ್ದಿಯಲ್ಲಿ ಅಪರೂಪಕ್ಕೆ ಸಿಗುತ್ತದೆ. ಸಿಗದಿದ್ದರೆ, ಆ ಸುದ್ದಿ ನಿಮ್ಮ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದು ಸದ್ಯಕ್ಕೆ ಎಣಿಸುವುದು ಕ್ಷೇಮ. ಇಲಿಗಳ ಮೇಲೆ ನಡೆದ ಪ್ರಯೋಗವೆಂದು ಎಲ್ಲಾದರೂ ಕಂಡರೆ ಅಲ್ಲಿಗೇ ಪತ್ರಿಕೆಯನ್ನು ಮಡಚಿಡಬಹುದು.

ರಕ್ತದೊತ್ತಡದ ಒಂದು ದೊಡ್ಡ ಅಧ್ಯಯನವನ್ನೇ ನೋಡಿ. 2015ರಲ್ಲಿ ಪ್ರಕಟವಾದ ‘ಸ್ಪ್ರಿಂಟ್’ ಅಧ್ಯಯನದಲ್ಲಿ 50 ವರ್ಷ ದಾಟಿದ 9,361 ಜನರಿದ್ದರು. ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಳಿಸಿದರೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ತೊಂದರೆಗಳು ಕಡಿಮೆಯಾಗುತ್ತವೆ ಎಂದು ಅದು ತೋರಿಸಿತು. ಆದರೆ ಅದರಲ್ಲಿ ಸಕ್ಕರೆ ಕಾಯಿಲೆಯವರೂ ಇರಲಿಲ್ಲ, ಹಿಂದೆ ಪಾರ್ಶ್ವವಾಯು ಬಂದವರೂ ಇರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಅಲ್ಲಿ ಬೀಪಿ ನೋಡುತ್ತಿದ್ದದ್ದು ಐದು ನಿಮಿಷ ಸುಮ್ಮನೆ ಕೂರಿಸಿದ ಬಳಿಕ, ಯಂತ್ರದಿಂದ, ಹಲವು ಸಲ. ನಮ್ಮ ಹೊರರೋಗಿ ವಿಭಾಗದಲ್ಲಿ ಮೆಟ್ಟಿಲು ಹತ್ತಿ ಬಂದವರನ್ನು ಗದ್ದಲದ ನಡುವೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ನೋಡುವ ಅಂಕಿಯೂ ಅದೂ ಒಂದೇ ಅಲ್ಲ.

ಶೇಕಡಾವನ್ನು ಮನುಷ್ಯರ ಲೆಕ್ಕಕ್ಕೆ ತನ್ನಿ

ಅದೇ ಅಧ್ಯಯನದ ಸುದ್ದಿಯಲ್ಲಿ ‘ಶೇ 25ರಷ್ಟು ಅಪಾಯ ಇಳಿಕೆ’ ಎಂದು ಬಂದಿತ್ತು. ಇದನ್ನು ಓದಿದವರು, ನೂರು ಜನರಲ್ಲಿ ಇಪ್ಪತ್ತೈದು ಜನ ಉಳಿದುಕೊಂಡರು ಎಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಸುಮಾರು ಮೂರು ವರ್ಷಗಳ ಅವಧಿಯಲ್ಲಿ, ಒತ್ತಡವನ್ನು 140ಕ್ಕಿಂತ ಕೆಳಗೆ ಇಟ್ಟುಕೊಳ್ಳುವ ಗುರಿಯಿದ್ದ ಸಾವಿರ ಜನರಲ್ಲಿ 68 ಮಂದಿಗೆ ತೊಂದರೆ ಬಂತು, ಹೆಚ್ಚು ಇಳಿಸಿಕೊಂಡ ಸಾವಿರ ಜನರಲ್ಲಿ 52 ಮಂದಿಗೆ ಬಂತು. ಸಾವಿರಕ್ಕೆ 16 ಜನ ಉಳಿದರು. ಹದಿನಾರು ಜನ ಎಂದರೆ ಕಡಿಮೆಯಲ್ಲ. ಅವರಲ್ಲಿ ಒಬ್ಬರು ನನ್ನ ತಮ್ಮನಾಗಿದ್ದರೆ ನಾನು ದೇವರಿಗೆ ಸ್ತೋತ್ರ ಹೇಳುತ್ತಿದ್ದೆ. ಆದರೆ ಒತ್ತಡವನ್ನು ಹೆಚ್ಚು ಇಳಿಸಿದವರಲ್ಲಿ ಒತ್ತಡ ತೀರಾ ಕುಸಿಯುವುದು, ಎಚ್ಚರ ತಪ್ಪುವುದು, ಮೂತ್ರಪಿಂಡಕ್ಕೆ ಪೆಟ್ಟಾಗುವುದು ಹೆಚ್ಚಾಗಿ ಕಂಡುಬಂದವು. ಒಂಟಿಯಾಗಿ ಬದುಕುವ, ರಾತ್ರಿ ಎರಡು ಸಲ ಬಚ್ಚಲಿಗೆ ಏಳುವ ಹಿರಿಯರು ಈ ಎರಡನ್ನೂ ತಕ್ಕಡಿಯಲ್ಲಿ ಇಟ್ಟು ತಮ್ಮ ವೈದ್ಯರೊಡನೆ ಮಾತನಾಡಬೇಕಾಗುತ್ತದೆ.

ಹೀಗಾಗಿ ಶೇಕಡಾ ಕಂಡಲ್ಲೆಲ್ಲ, ‘ಯಾವುದರ ಶೇಕಡಾ? ಸಾವಿರ ಜನರಲ್ಲಿ ಎಷ್ಟು ಮಂದಿ, ಎಷ್ಟು ವರ್ಷಗಳಲ್ಲಿ?’ ಎಂದು ಬರೆದುಕೊಳ್ಳಿ. ನನ್ನ ಅಕ್ಕನಿಗೆ ಮರೆವಿನ ಕಾಯಿಲೆ ಇದೆ. 2023ರಲ್ಲಿ ಅಮೆರಿಕದಲ್ಲಿ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಾಗ ಅಲ್ಲಿರುವ ಅವಳ ಮಗ ಫೋನ್ ಮಾಡಿ, ಕಾಯಿಲೆ ಶೇ 27ರಷ್ಟು ನಿಧಾನವಾಗುತ್ತದೆಯಂತೆ, ಹೊಲ ಮಾರಿಯಾದರೂ ಕೊಡಿಸೋಣ ಮಾವಾ ಎಂದ. ಅವನ ಕೊರಳು ಕಟ್ಟಿತ್ತು. ಇಬ್ಬರೂ ಕೂಡಿ ಓದಿದೆವು. 1,795 ಜನರ ಮೇಲೆ 18 ತಿಂಗಳ ಪ್ರಯೋಗ ನಡೆದಿತ್ತು. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿಸುವ 18 ಅಂಕಗಳ ಒಂದು ಅಳತೆಯಲ್ಲಿ, ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45 ಅಂಕ. ಔಷಧ ಪಡೆದವರಲ್ಲಿ ಸುಮಾರು ಎಂಟಕ್ಕೆ ಒಬ್ಬರಂತೆ ಸ್ಕ್ಯಾನಿನಲ್ಲಿ ಮೆದುಳಿನ ಊತ ಕಂಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗ ನಡೆದದ್ದು ಕಾಯಿಲೆಯ ಮೊದಲ ಹಂತದಲ್ಲಿದ್ದವರ ಮೇಲೆ. ನನ್ನ ಅಕ್ಕ ಆ ಹಂತವನ್ನು ದಾಟಿ ನಾಲ್ಕು ವರ್ಷಗಳಾಗಿದ್ದವು. ಹೊಲ ಮಾರಲಿಲ್ಲ. ಅದರ ಬದಲು ಹಗಲು ಹೊತ್ತು ಅವಳ ಜೊತೆಗಿರಲು ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದೆವು.

ಒಂದು ಪದವನ್ನು ತಪ್ಪಾಗಿ ಓದಿದಾಗ ಏನಾಗುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ನನ್ನ ಜೀವಮಾನದ ಕೆಲಸಕ್ಕೆ ಸೇರಿದ್ದು.

ನಾನು ಕೆಲಸಕ್ಕೆ ಸೇರಿದಾಗ ಕುಷ್ಠಕ್ಕೆ ನಮ್ಮ ಬಳಿ ಇದ್ದದ್ದು ಡ್ಯಾಪ್ಸೋನ್ ಗುಳಿಗೆಯೊಂದೇ. ಅದನ್ನು ವರ್ಷಗಟ್ಟಲೆ, ಕೆಲವರು ಬದುಕಿರುವ ತನಕ ತೆಗೆದುಕೊಳ್ಳಬೇಕಾಗಿತ್ತು. ಬರುಬರುತ್ತಾ ಅದಕ್ಕೂ ಬಗ್ಗದ ರೋಗಾಣುಗಳು ಕಾಣಿಸಿಕೊಂಡವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವು ರಿಫಾಂಪಿಸಿನ್, ಕ್ಲೋಫಾಜಿಮಿನ್ ಮತ್ತು ಡ್ಯಾಪ್ಸೋನ್ ಸೇರಿಸಿದ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳಲ್ಲಿ, ಹೆಚ್ಚು ರೋಗಾಣುಗಳಿದ್ದವರಿಗೆ ಸುಮಾರು ಎರಡು ವರ್ಷಗಳಲ್ಲಿ ಗುಣವಾಗುತ್ತದೆ ಎಂಬ ಸುದ್ದಿಯನ್ನು ನಾವೇ ಮೊದಲು ನಂಬಲಿಲ್ಲ. ಅದು ನಿಜವಾಯಿತು. ಒಳ್ಳೆಯ ಸುದ್ದಿ ಎಂಬ ಕಾರಣಕ್ಕೇ ಒಂದು ಸುದ್ದಿಯನ್ನು ತಳ್ಳಿಹಾಕಬಾರದು ಎಂದು ನಾನು ಹೇಳುವುದು ಇದೇ ನೆನಪಿನಿಂದ.

ಮುಂದೆ, 2005ರ ಡಿಸೆಂಬರಿನ ಹೊತ್ತಿಗೆ ಭಾರತದಲ್ಲಿ ಹತ್ತು ಸಾವಿರ ಜನರಿಗೆ 0.95 ರೋಗಿಗಳಷ್ಟಕ್ಕೆ ಸಂಖ್ಯೆ ಇಳಿಯಿತು. ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾದರೆ, ‘ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆ’ ಎಂದು ಕರೆಯುವುದು ರೂಢಿ. ಪತ್ರಿಕೆಗಳಲ್ಲಿ ಅದು ‘ಕುಷ್ಠರೋಗ ನಿರ್ಮೂಲನೆ’ ಎಂದು ಬಂತು, ಜನ ‘ರೋಗ ಹೋಯಿತು’ ಎಂದು ಓದಿದರು. ಲೆಕ್ಕದ ಒಳಗಿನ ಸಂಗತಿ ಬೇರೆಯಾಗಿತ್ತು. ಆ ಸಂಖ್ಯೆಯಲ್ಲಿ ಎಣಿಸುತ್ತಿದ್ದದ್ದು ಆ ದಿನ ಚಿಕಿತ್ಸೆಯ ಪಟ್ಟಿಯಲ್ಲಿ ಹೆಸರಿದ್ದವರನ್ನು ಮಾತ್ರ. 1998ರಲ್ಲಿ ಹೆಚ್ಚು ರೋಗಾಣುಗಳಿರುವವರ ಚಿಕಿತ್ಸೆಯ ಅವಧಿಯನ್ನು 24 ತಿಂಗಳಿಂದ 12ಕ್ಕೆ ಇಳಿಸಲಾಗಿತ್ತು. ಹೊಸದಾಗಿ ಒಬ್ಬ ರೋಗಿಯೂ ಕಡಿಮೆಯಾಗದಿದ್ದರೂ ಅಂಥವರ ಪಟ್ಟಿ ಇದರಿಂದಲೇ ಅರ್ಧವಾಗಬಲ್ಲದು. 2005ರ ಅನಂತರದ ಹತ್ತು ವರ್ಷಗಳಲ್ಲೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದರು. ಮನೆಮನೆಯ ಸರ್ವೆ ನಿಂತುಹೋದ ಊರಿನಿಂದ, ಮಚ್ಚೆಯನ್ನು ಅಲಕ್ಷಿಸಿ, ಬೆರಳು ಮಡಚಿದ ಮೇಲೆ ಬಂದ ಒಬ್ಬ ಹುಡುಗನನ್ನು ನಾನು ನಿವೃತ್ತನಾಗುವ ವರ್ಷ ನೋಡಿದೆ. ‘ಅದು ಈಗ ಇಲ್ಲವಲ್ಲ ಎಂದುಕೊಂಡಿದ್ದೆವು’ ಎಂದು ಅವನ ತಂದೆ ಹೇಳಿದರು.

ಆದ್ದರಿಂದ ನಿರ್ಮೂಲನೆ, ಗುಣ, ಸಂಬಂಧ, ಅನುಮೋದನೆ ಎಂಬಂಥ ಪದಗಳಿಗೆ ಅಡಿಗೆರೆ ಹಾಕಿ. ‘ಸಂಬಂಧ ಪತ್ತೆ’ ಎಂದರೆ ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದಷ್ಟೇ ಅರ್ಥ. ಒಂದರಿಂದ ಇನ್ನೊಂದು ಆಯಿತೆಂದಲ್ಲ.

ಗುಳಿಗೆಗಳ ವಿಷಯ

ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ಕ್ಲೋಫಾಜಿಮಿನ್‌ನಿಂದ ಮೈಬಣ್ಣ ಕಪ್ಪಿಡುತ್ತದೆ. ಎರಡೂ ನಿರೀಕ್ಷಿತವೇ. ಆದರೆ ಮೊದಲ ತಿಂಗಳು ಅದನ್ನು ಸರಿಯಾಗಿ ಹೇಳಲು ನಾನು ಮರೆತ ಮನೆಯೊಂದರಲ್ಲಿ ಹಿರಿಯರೊಬ್ಬರು, “ಉಚ್ಚ್ಯಾಗ ರಕ್ತ ಹೊಂಟೈತ್ರಿ, ಈ ಗುಳಿಗಿ ನನ್ನ ಕೊಲ್ತೈತಿ” ಎಂದು ಗುಳಿಗೆಗಳ ಇಡೀ ಪೊಟ್ಟಣವನ್ನು ಮನೆಯ ಜಂತಿಯ ಸಂದಿನಲ್ಲಿ ಸಿಕ್ಕಿಸಿಟ್ಟಿದ್ದರು. ಅವರ ಹೆದರಿಕೆ ಸಹಜವಾದದ್ದು. ತಪ್ಪು ನನ್ನದು. ಸುದ್ದಿ ಓದಿ ನಮಗೆ ಬರುವ ಹೆದರಿಕೆಯೂ ಅಂಥದ್ದೇ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಜಂತಿಯಲ್ಲಿ ಸಿಕ್ಕಿಸುವ ಮೊದಲು ಕೇಳಬೇಕು.

ಕೇಳುವುದಕ್ಕೆ ಸಿದ್ಧತೆ ಬೇಕು, ಏಕೆಂದರೆ ವೈದ್ಯರ ಎದುರು ಸಿಗುವ ಸಮಯ ಕಡಿಮೆ. ನಾನು ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಇಟ್ಟುಕೊಂಡಿದ್ದೇನೆ. ಮೊದಲ ಪುಟದಲ್ಲಿ ನಾನು ತೆಗೆದುಕೊಳ್ಳುವ ಪ್ರತಿಯೊಂದು ಮದ್ದಿನ ಹೆಸರು, ಮಿಲಿಗ್ರಾಂ, ಹೊತ್ತು, ಮತ್ತು ಅದನ್ನು ಯಾವ ಕಾಯಿಲೆಗೆ ಕೊಟ್ಟಿದ್ದಾರೆ ಎಂಬುದಿದೆ. ಆಯುರ್ವೇದದ ಚೂರ್ಣ, ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಗುಳಿಗೆ, ಮಗಳು ಕಳಿಸಿದ ವಿಟಮಿನ್ ಎಲ್ಲವೂ ಅದೇ ಪಟ್ಟಿಯಲ್ಲಿ ಇರಬೇಕು. ವೈದ್ಯರು ಬೈಯುತ್ತಾರೆಂದು ಯಾವುದನ್ನೂ ಮುಚ್ಚಿಡಬೇಡಿ. ಸುದ್ದಿಯ ತುಣುಕನ್ನು ಕತ್ತರಿಸಿ ಒಂದು ಪುಟಕ್ಕೆ ಅಂಟಿಸಿ, ಅದರ ಕೆಳಗೆ ಒಂದೇ ಒಂದು ಪ್ರಶ್ನೆಯನ್ನು ಬರೆಯಿರಿ. ‘ಈ ಸುದ್ದಿಯಲ್ಲಿರುವವರಂತೆ ನಾನೂ ಇದ್ದೇನೆಯೇ?’ ಎಂಬ ಪ್ರಶ್ನೆ ಹೆಚ್ಚಿನ ಸಲ ಸಾಕಾಗುತ್ತದೆ. ಉತ್ತರ ಸಿಗುವ ತನಕ ಗುಳಿಗೆಯನ್ನು ಬಿಡಬಾರದು, ಹೆಚ್ಚಿಸಬಾರದು, ಹೊಸದನ್ನು ಕೊಳ್ಳಲೂಬಾರದು. ಆದರೆ ಮೈಮೇಲೆ ದದ್ದು ಎದ್ದರೆ, ಕಪ್ಪು ಮಲ ಹೋದರೆ, ಉಸಿರು ಕಟ್ಟಿದರೆ ನೋಟುಬುಕ್ಕಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಬೀಪಿ ನೋಡಿಕೊಳ್ಳುವವರು ಐದು ನಿಮಿಷ ಬೆನ್ನಾನಿಸಿ ಕುಳಿತು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಇಟ್ಟು ಎರಡು ಸಲ ನೋಡಿ ಬರೆದುಕೊಳ್ಳಿ. ಅದಾದ ಮೇಲೆ ಎದ್ದು ನಿಂತು, ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಇದನ್ನು ಮಾಡುವಾಗ ಹತ್ತಿರದಲ್ಲಿ ಯಾರಾದರೂ ಇರಲಿ.

ಸುದ್ದಿಯಾಗದ ಪಾದಗಳು

ಹೊಸ ಔಷಧ ಸುದ್ದಿಯಾಗುತ್ತದೆ. ಜಾರುವ ಬಚ್ಚಲು, ಮಂದವಾದ ದೀಪ, ಕಿವಿಯ ಯಂತ್ರದ ಸತ್ತ ಬ್ಯಾಟರಿ ಸುದ್ದಿಯಾಗುವುದಿಲ್ಲ. ಪಾದವಂತೂ ಎಂದಿಗೂ ಸುದ್ದಿಯಲ್ಲ. ಕುಷ್ಠದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಜನ ನಂಬಿದ್ದರು. ಹಾಗಲ್ಲ, ನೋವು ತಿಳಿಯದ ಅಂಗಕ್ಕೆ ದಿನದಿನವೂ ಆಗುವ ಗಾಯವೇ ಅದನ್ನು ಸವೆಸುತ್ತದೆ ಎಂಬುದು ಪಾಲ್ ಬ್ರಾಂಡ್ ಅವರು ಕಲಿಸಿದ ದೊಡ್ಡ ಪಾಠ. ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳಿಗೆ ಆಗುವುದೂ ಅದೇ. ಪಾದದ ಸ್ಪರ್ಶವನ್ನು ಪರೀಕ್ಷಿಸಲು ನಾವು ಬಳಸುತ್ತಿದ್ದ ನೈಲಾನ್ ಎಳೆಯನ್ನೇ ಇಂದು ಸಕ್ಕರೆ ಕಾಯಿಲೆಯ ಕ್ಲಿನಿಕ್ಕುಗಳಲ್ಲಿ ಬಳಸುತ್ತಾರೆ.

ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ದಿನವೂ ಮಲಗುವ ಮೊದಲು, ಬೆಳಕಿನಲ್ಲಿ, ಅಂಗಾಲು ಮತ್ತು ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ತಿಳಿಯಿರಿ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಹರಳೋ ಮೊಳೆಯೋ ಇದೆಯೇ ನೋಡಿ; ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬೇಡಿ. ಗಟ್ಟಿಯಾದ ಚರ್ಮವನ್ನು ಬ್ಲೇಡಿನಿಂದ ಕೆತ್ತಬೇಡಿ. ಇಲ್ಲಿ ನನ್ನ ಹಳೆಯ ಕಲಿಕೆಯನ್ನೇ ನಾನು ತಿದ್ದಿಕೊಳ್ಳಬೇಕಾಯಿತು. ಬೆವರು ನಿಂತು ಒಣಗಿ ಬಿರಿದ ಕುಷ್ಠರೋಗಿಗಳ ಪಾದಗಳನ್ನು ನಾವು ನೀರಿನಲ್ಲಿ ನೆನೆಸಿ, ಉಜ್ಜಿ, ಎಣ್ಣೆ ಹಚ್ಚಿಸುತ್ತಿದ್ದೆವು. ಸಕ್ಕರೆ ಕಾಯಿಲೆಯವರಿಗೆ ಬಹಳ ಹೊತ್ತು ನೆನೆಸಬಾರದೆಂದು ವೈದ್ಯರು ಹೇಳುತ್ತಾರೆ. ತೊಳೆದು, ಸಂದುಗಳನ್ನು ಒರೆಸಿ ಒಣಗಿಸಿ, ಬೆರಳ ನಡುವೆ ಬಿಟ್ಟು ಉಳಿದೆಡೆ ಎಣ್ಣೆ ಸವರಬೇಕು.

ಪ್ರಾರ್ಥನಾ ಕೂಟದಲ್ಲಿ

ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ’ ಹೇಳುವ ಪದ್ಧತಿ ಇದೆ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವುದು ಅದು. ನಾನೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಒಮ್ಮೆ ನಮ್ಮ ಕೂಟದಲ್ಲಿ ಒಬ್ಬರು, ಪ್ರಾರ್ಥನೆಯ ಬಳಿಕ ಇನ್ಸುಲಿನ್ ಬಿಟ್ಟೆ, ಈಗ ಚೆನ್ನಾಗಿದ್ದೇನೆ ಎಂದು ಸಾಕ್ಷಿ ಹೇಳಿದರು. ಎರಡು ವಾರಗಳಲ್ಲಿ ನಮ್ಮ ಸಾಲಿನಲ್ಲಿ ಕೂರುವ ಒಬ್ಬ ವಿಧವೆ ತಾಯಿಯೂ ಬಿಟ್ಟರು. ಇಂಥ ಹೊತ್ತಿನಲ್ಲಿ ಎಲ್ಲರೆದುರು ಎದ್ದು ವಾದಿಸಿದರೆ, ಕೇಳುವವರು ದೇವರ ಪಕ್ಷಕ್ಕೂ ವೈದ್ಯರ ಪಕ್ಷಕ್ಕೂ ಹಂಚಿಹೋಗುತ್ತಾರೆ. ನಾನು ಸಭಾಪಾಲಕರನ್ನು, ಎಂದರೆ ನಮ್ಮ ಪಾದ್ರಿಯವರನ್ನು, ಕರೆದುಕೊಂಡು ಆ ತಾಯಿಯ ಮನೆಗೆ ಹೋದೆ. ನಮ್ಮ ಆಸ್ಪತ್ರೆಯನ್ನು ಕಟ್ಟಿದವರು ಬೆಳಿಗ್ಗೆ ಮೊದಲು ಪ್ರಾರ್ಥಿಸಿ, ಆಮೇಲೆ ಔಷಧದ ಕೋಣೆಯ ಬೀಗ ತೆಗೆಯುತ್ತಿದ್ದರು ಎಂದು ಹೇಳಿದೆ. ಅವರು ಎರಡನ್ನೂ ಒಂದೇ ಕೈಯ ಕೆಲಸವೆಂದು ತಿಳಿದಿದ್ದರು. ಸಭಾಪಾಲಕರು ಅವರ ಇನ್ಸುಲಿನ್ ಸೀಸೆಯನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸಿದರು. ಆ ತಾಯಿ ಅತ್ತರು, ಮತ್ತು ಅಂದೇ ವೈದ್ಯರ ಬಳಿಗೆ ಬರಲು ಒಪ್ಪಿದರು.

ನಿಮ್ಮ ಬಳಗದಲ್ಲಿ ಯಾರಾದರೂ ಸುದ್ದಿಯನ್ನೋ ಸಾಕ್ಷಿಯನ್ನೋ ನಂಬಿ ಮದ್ದು ಬಿಟ್ಟರೆ, ಮೊದಲು ಅವರ ಮನೆಗೆ ಹೋಗಿ. ಬಿಟ್ಟದ್ದೇಕೆ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಬಹಳ ಸಲ ಖರ್ಚೋ, ಸೂಜಿಯ ನೋವೋ, ಚುಚ್ಚಲು ಮನೆಯಲ್ಲಿ ಯಾರೂ ಇಲ್ಲದ ಒಂಟಿತನವೋ ನಿಜವಾದ ಕಾರಣವಾಗಿರುತ್ತದೆ. ಆ ತಾಯಿಗೆ ಕಣ್ಣು ಮಂದವಾಗಿ ಸಿರಿಂಜಿನ ಗೆರೆಗಳು ಕಾಣುತ್ತಿರಲಿಲ್ಲ, ಅದನ್ನು ಹೇಳಲು ಅವರಿಗೆ ಸಂಕೋಚ. ಈಗ ಪಕ್ಕದ ಮನೆಯ ಕಾಲೇಜು ಹುಡುಗಿ ಬೆಳಿಗ್ಗೆ ಬಂದು ಅಳೆದು ಕೊಡುತ್ತಾಳೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವರು ನನ್ನ ಹೆಂಡತಿಗೆ ತಮ್ಮ ಪಾದಗಳನ್ನು ತೋರಿಸುತ್ತಾರೆ. ಕಳೆದ ತಿಂಗಳು ಎಡಗಾಲಿನ ಕಿರುಬೆರಳ ಕೆಳಗೆ ಒಂದು ಗುಳ್ಳೆ ಕಂಡಿತು. ಅವರಿಗೆ ಅದರ ಅರಿವೇ ಇರಲಿಲ್ಲ. ಅಂದೇ ಮಧ್ಯಾಹ್ನ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಹದಿನೆಂಟು ದಿನಗಳಲ್ಲಿ ಮಾಯಿತು.